ಹೊಳೆಯುವ ಕೆಂಪು ಕಾರೋ, ದಪ್ಪ ಫೈಲಿನ ಬಿಳಿ ಕಾರೋ?

ಹಳೆ ಕಾರು: ಓದುಗರ ಪ್ರಶ್ನೆ, ಕವೆಂಟ್ರಿಯಿಂದ ಉತ್ತರ

ಪ್ರಶ್ನೆ: ನಾನು ಹಾಸನದವನು. ಕೆಲಸ ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಚಿಕ್ಕವನಿದ್ದಾಗ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೆ ಕಾರುಗಳನ್ನು ನೋಡಿದಾಗಿನಿಂದ ನನ್ನದೂ ಒಂದು ಇರಬೇಕು ಅಂತ ಆಸೆ. ಈಗ ಎಂಜಿಬಿ ರೋಡ್‌ಸ್ಟರ್, ಅಂದರೆ ಮೇಲೆ ಟಾಪ್ ಇಲ್ಲದ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕೊಳ್ಳಲು ಹೊರಟಿದ್ದೇನೆ. ಕೈಯಲ್ಲಿ 12,000 ಪೌಂಡ್ ಇದೆ. ಎರಡು ಗಾಡಿ ನೋಡಿದೆ. ಒಂದು 1972ರದ್ದು. ಹೊಸದಾಗಿ ಕೆಂಪು ಪೇಂಟ್ ಹೊಡೆಸಿದ್ದಾರೆ, ಕ್ರೋಮ್ ಎಲ್ಲ ಫಳಫಳ. ಕಾಗದ ಅಂದರೆ ಲಾಗ್‌ಬುಕ್ (ನೋಂದಣಿ ಪತ್ರ) ಒಂದೇ. ಇನ್ನೊಂದು 1970ರದ್ದು. ಬಿಳಿ ಬಣ್ಣ ಮಾಸಿದೆ, ಡ್ರೈವರ್ ಸೀಟು ಹರಿದಿದೆ. ಆದರೆ ಅದರ ಮಾಲೀಕರು ಎರಡು ದಪ್ಪ ಫೈಲು ತೆಗೆದು ತೋರಿಸಿದರು. ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿ ಎಲ್ಲರಿಗೂ ಕೆಂಪೇ ಇಷ್ಟ. ನನಗೆ ವಾರಾಂತ್ಯದಲ್ಲಿ ನಿಜವಾಗಿ ಓಡಿಸುವಂಥ ಕಾರು ಬೇಕು. ಯಾವುದು ತಗೊಳ್ಳಲಿ?
ಓದುಗರು, ರೆಡಿಂಗ್

ಉತ್ತರ: ಬಿಳಿ ಕಾರನ್ನು ಇನ್ನೊಮ್ಮೆ ಹೋಗಿ ನೋಡಿ, ಈ ಸಲ ಹಳೆ ಪ್ಯಾಂಟ್ ಹಾಕಿಕೊಂಡು ಹೋಗಿ. ನೆಲದ ಮೇಲೆ ಮಲಗಿ ನೋಡುವ ಕೆಲಸವಿದೆ. ಕೆಳಗಡೆ ಅದು ಗಟ್ಟಿ ಇದ್ದರೆ ಅದನ್ನೇ ಕೊಳ್ಳಿ. ಕೆಂಪು ಕಾರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲು ದಾರಿಯೂ ಕಡಿಮೆ. ಹೊಸ ಪೇಂಟಿನ ಕೆಳಗೆ ಏನು ಮಾಡಿದ್ದಾರೆ ಎನ್ನಲು ಒಂದು ಫೋಟೋ ಇಲ್ಲ, ಒಂದು ಬಿಲ್ಲಿಲ್ಲ. ಪೇಂಟಿಗೆ ಅಷ್ಟು ದುಡ್ಡು ಸುರಿದವರು ಬಿಲ್ಲು ಯಾಕೆ ಇಟ್ಟುಕೊಳ್ಳಲಿಲ್ಲ? ಈ ಪ್ರಶ್ನೆಯನ್ನು ಅವರನ್ನೇ ನೇರವಾಗಿ ಕೇಳಿ.

ಎಂಜಿಬಿಯ ಕಟ್ಟೋಣ ಹೇಗಿದೆ ಅಂತ ಗೊತ್ತಾದರೆ ನನ್ನ ಮಾತು ಅರ್ಥವಾಗುತ್ತದೆ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಊರಿನಲ್ಲಿ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು. ಅದಕ್ಕೇ ಇವತ್ತಿಗೂ ಇದರ ಬಿಡಿಭಾಗಕ್ಕೆ ಬರವಿಲ್ಲ. ಸೀಟಿನ ಕವರ್, ಹುಡ್, ಕಾರ್ಬುರೇಟರ್, ಬ್ರೇಕು, 1798 ಸಿಸಿ ಎಂಜಿನ್ನಿನ ಪ್ರತಿಯೊಂದು ಭಾಗ, ಎಲ್ಲವೂ ಹೊಸದು ಸಿಗುತ್ತದೆ. ಬಿಚ್ಚಿ ಹಾಕುವ ಕೆಲಸ ಕಲಿತರೆ ನೀವೇ ಮಾಡಿಕೊಳ್ಳಬಹುದು. ಆದರೆ ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಮೇಲೆ ಟಾಪ್ ಇಲ್ಲದ ರೋಡ್‌ಸ್ಟರ್‌ನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದು ನಿಲ್ಲಿಸಿರುವುದು ಬಾಗಿಲುಗಳ ಕೆಳಗಿನ ಸಿಲ್‌ಗಳು. ಅವು ತುಕ್ಕು ಹಿಡಿದರೆ ಕಾರು ನಡು ಮುರಿದಂತೆ. ಸಿಲ್ ಕೆಲಸ ಸರಿಯಾಗಿ ಮಾಡಿಸಲು ಸಾವಿರಗಟ್ಟಲೆ ಪೌಂಡ್ ಬೇಕು. ಪೂರ್ತಿ ಬಾಡಿ ಶೆಲ್ ಕೂಡ ಹೊಸದು ಸಿಗುತ್ತದೆ, ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಮಾಡುತ್ತಿದ್ದಾರೆ. ಅದಕ್ಕೆ ಹತ್ತು ಸಾವಿರ ಪೌಂಡ್ ದಾಟುತ್ತದೆ. ನಿಮ್ಮ ಬಜೆಟ್ ಅಲ್ಲಿಗೇ ಮುಗಿಯಿತು.

ಸಿಲ್ ಅಂದರೆ ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಒಂದು, ಕೆಳಗೆ ಕೋಟೆ ಗೋಡೆಯ ತೆನೆಯ ಹಾಗೆ ಏರಿಳಿತವಿರುವ ಕ್ಯಾಸಲ್ ರೈಲ್. ಇವೆಲ್ಲ ಸೇರಿ ಒಂದು ಪೆಟ್ಟಿಗೆ. ಸರಿಯಾಗಿ ಬದಲಾಯಿಸಬೇಕೆಂದರೆ ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನ ಮಡ್‌ಗಾರ್ಡಿನ ಕೆಳತುದಿ ಕತ್ತರಿಸಬೇಕು, ಬಾಡಿ ಕುಸಿಯದಂತೆ ಆಧಾರ ಕೊಟ್ಟು ವೆಲ್ಡ್ ಮಾಡಬೇಕು. ಮಾರುವುದಕ್ಕಷ್ಟೇ ರಿಪೇರಿ ಮಾಡುವವರು ಇಷ್ಟೆಲ್ಲ ಮಾಡುವುದಿಲ್ಲ. ಕೊಳೆತ ಸಿಲ್ ಮೇಲೆಯೇ ಇನ್ನೊಂದು ತಗಡು ಮುಚ್ಚಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದುಬಿಡುತ್ತಾರೆ. ಕಳೆದ ಚಳಿಗಾಲದಲ್ಲಿ ನಮ್ಮ ಗ್ಯಾರೇಜಿಗೆ ಇಂಥದ್ದೇ ಒಂದು ಬಂದಿತ್ತು. ಕೊಂಡವರು ಕನ್ನಡದವರೇ, ಗಂಡ ಹೆಂಡತಿ ಇಬ್ಬರೂ ಖುಷಿಯಾಗಿ ಬಂದಿದ್ದರು. ಸುಮ್ನೆ ಸರ್ವಿಸ್ ಮಾಡಿಕೊಡಿ ಅಂದರು. ಜಾಕ್ ಹಾಕಿ ಎತ್ತಿದರೆ ಬಾಗಿಲು ತೆರೆಯಲೇ ಇಲ್ಲ. ಬಾಡಿ ಅಷ್ಟು ಬಗ್ಗಿತ್ತು. ಆ ಹೆಣ್ಣುಮಗಳ ಮುಖ ನೋಡಿ ನನಗೆ ಆ ದಿನವೆಲ್ಲ ಸಂಕಟವಾಯಿತು. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ನೀವೂ ಅದೇ ಪರೀಕ್ಷೆ ಮಾಡಿ. ಮಾಲೀಕರ ಅನುಮತಿ ಕೇಳಿ ಜಾಕಿಂಗ್ ಪಾಯಿಂಟಿನಲ್ಲಿ ಜಾಕ್ ಕೊಟ್ಟು ಒಂದು ಬದಿ ಎತ್ತಿ. ಬಾಗಿಲಿನ ಹಿಂದಿನ ಅಂಚಿಗೂ ಬಾಡಿಗೂ ನಡುವಿನ ಸಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಎತ್ತಿದಾಗ ಸಂದು ಮುಚ್ಚಿಕೊಂಡರೆ, ಬಾಗಿಲು ಸಿಕ್ಕಿಹಾಕಿಕೊಂಡರೆ, ಕೈಮುಗಿದು ಬನ್ನಿ. ಜಾಕ್ ಹಾಕಲು ಬಿಡುವುದೇ ಇಲ್ಲ ಎಂದರೆ ಅದೂ ಒಂದು ಉತ್ತರವೇ. ಆಮೇಲೆ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಕ್ಯಾಸಲ್ ರೈಲಿನ ಏರಿಳಿತ ಕಾಣುತ್ತದಾ ನೋಡಿ. ಅಲ್ಲಿ ನುಣ್ಣಗಿನ ತಗಡು ಕಂಡರೆ ಯಾರೋ ಮುಚ್ಚಿದ್ದಾರೆ. ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಸಿಲ್ ಮೇಲೆ, ಮಡ್‌ಗಾರ್ಡಿನ ಕೆಳಭಾಗದಲ್ಲಿ ಇಡುತ್ತಾ ಹೋಗಿ. ಹಿಡಿಯದ ಕಡೆ ಪುಟ್ಟಿ ಇದೆ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಬ್ಯಾಟರಿ ಪೆಟ್ಟಿಗೆಯನ್ನೂ ನೋಡಿ. ನೀವು ನೋಡಿದ ಎರಡರಲ್ಲೂ ಮೂಲದಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿ ಅಲ್ಲೇ ಕೂರುತ್ತಿದ್ದವು. ಆಸಿಡ್ ಸೋರಿ ಆ ಜಾಗ ತೂತಾಗುವುದು ಸಾಮಾನ್ಯ.

ಇನ್ನು ಆ ಎರಡು ಫೈಲು. ಅವನ್ನು ಕೈಯಲ್ಲಿ ಹಿಡಿದು ತೂಕ ನೋಡಿ ಖುಷಿಪಟ್ಟರೆ ಸಾಲದು. ಒಂದು ಗಂಟೆ ಕೂತು ಓದಬೇಕು. ಮಾಲೀಕರು ಟೀ ಕೊಟ್ಟರೆ ಕುಡಿಯುತ್ತಾ ಓದಿ, ಇಂಥ ಫೈಲು ಇಟ್ಟವರಿಗೆ ಅದನ್ನು ಓದುವವರು ಸಿಕ್ಕರೆ ಸಂತೋಷವೇ ಆಗುತ್ತದೆ. ಮೊದಲು ಎಂಒಟಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ಸರ್ಟಿಫಿಕೇಟುಗಳನ್ನು ಬೇರೆ ಮಾಡಿ ತಾರೀಕಿನ ಪ್ರಕಾರ ಜೋಡಿಸಿ. ಪ್ರತಿಯೊಂದರಲ್ಲೂ ಆ ದಿನದ ಮೈಲಿ ಬರೆದಿರುತ್ತದೆ. 2005ರ ಈಚೆಗಿನದು ಸರ್ಕಾರದ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ, ನಂಬರ್ ಪ್ಲೇಟ್ ಹಾಕಿದರೆ ಸಾಕು. ಪಾಸಾದದ್ದು ಮಾತ್ರವಲ್ಲ, ಯಾವ ವರ್ಷ ಯಾಕೆ ಫೇಲಾಯಿತು ಅಂತಲೂ ಇರುತ್ತದೆ. ಸಿಲ್ ಹತ್ತಿರ ತುಕ್ಕು ಅಂತ ಒಂದು ವರ್ಷ ಬರೆದಿದ್ದರೆ, ಅದೇ ತಿಂಗಳಲ್ಲಿ ವೆಲ್ಡಿಂಗ್ ಬಿಲ್ಲು ಫೈಲಿನಲ್ಲಿ ಇರಲೇಬೇಕು ಅಲ್ವಾ? ಇದ್ದರೆ ಒಳ್ಳೆಯದು. ಆ ಬಿಲ್ಲಿನಲ್ಲಿ ಏನೇನು ಬದಲಾಯಿಸಿದರು ಅಂತ ಬಿಡಿಸಿ ಬರೆದಿದ್ದರೆ, ಜೊತೆಗೆ ಫೋಟೋನೂ ಇದ್ದರೆ, ಅದು ಹೊಸ ಪೇಂಟಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಮೈಲಿ ವಿಷಯದಲ್ಲಿ ಒಂದು ಎಚ್ಚರ. ಈ ಕಾರಿನ ಮೀಟರ್ 99,999 ಆದ ಮೇಲೆ ಸೊನ್ನೆಗೆ ಮರಳುತ್ತದೆ. ಮೀಟರಿನಲ್ಲಿ 42,000 ಇದ್ದರೆ ಅದು ನಿಜವಾಗಿ 1,42,000 ಇರಬಹುದು. ಹಳೆ ಎಂಒಟಿಗಳಷ್ಟೇ ಇದನ್ನು ಹೇಳಬಲ್ಲವು. 1,42,000 ಓಡಿದ್ದು ಕೆಟ್ಟ ಸುದ್ದಿಯಲ್ಲ. ನನಗೆ ಜಾಸ್ತಿ ಭಯವಾಗುವುದು ವರ್ಷವಿಡೀ ಇಪ್ಪತ್ತು ಮೈಲಿ ಓಡಿ, ಹೀಗೇ ಹತ್ತು ವರ್ಷ ಕಳೆದ ಕಾರು. ಬ್ರೇಕ್ ಸಿಲಿಂಡರ್ ಹಿಡಿದಿರುತ್ತದೆ, ರಬ್ಬರ್ ಸೀಳಿರುತ್ತದೆ, ಟ್ಯಾಂಕಿನೊಳಗೆ ತುಕ್ಕು, ಟೈರಿನಲ್ಲಿ ರಸ್ತೆಗೆ ತಾಗುವ ಭಾಗ ಹೊಸದರ ಹಾಗೇ ಇದ್ದು ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ. ವರ್ಷಕ್ಕೆ ಸಾವಿರವೋ ಎರಡು ಸಾವಿರವೋ ಮೈಲಿ ತಪ್ಪದೆ ಓಡಿದ ಕಾರು ಮರುದಿನ ಬೆಳಿಗ್ಗೆಯೂ ಓಡುತ್ತದೆ. ನಿಮಗೆ ಬೇಕಾದದ್ದು ಅದೇ. 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರುಗಳಿಗೆ ಎಂಒಟಿ ಕಡ್ಡಾಯವಲ್ಲ. ಆಮೇಲೂ ತಾವಾಗಿಯೇ ಪ್ರತಿ ವರ್ಷ ಮಾಡಿಸಿದ ಮಾಲೀಕರು ಸಿಕ್ಕರೆ ಅಂಥವರಿಂದ ಕಣ್ಣುಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ಕೊಳ್ಳಬಹುದು.

ಬಿಲ್ಲುಗಳಲ್ಲಿ ಸಣ್ಣಪುಟ್ಟದ್ದನ್ನೂ ನೋಡಿ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಪಿನ್) ಬದಲಾಯಿಸಿದ ಬಿಲ್ಲು, ಕ್ಲಚ್ ಬಿಲ್ಲು, ರೇಡಿಯೇಟರ್ ಬಿಲ್ಲು. ಗ್ರೀಸ್ ಗನ್ ತುಂಬಿಸಲು ಕೊಂಡ ಗ್ರೀಸಿನ ರಸೀದಿ ಕಂಡರೆ ನನಗೆ ಬಹಳ ಸಂತೋಷ. ಕಿಂಗ್‌ಪಿನ್‌ಗಳಿಗೆ 3,000 ಮೈಲಿಗೊಮ್ಮೆಯಾದರೂ ಗ್ರೀಸ್ ಹೊಡೆಯಬೇಕು. ಹೊಡೆಯದೆ ಬಿಟ್ಟರೆ ಸವೆದು ಸ್ಟೀರಿಂಗ್ ಹಿಡಿಯುತ್ತದೆ. ಅದನ್ನು ನೆನಪಿಟ್ಟು ಮಾಡಿದವರು ಉಳಿದದ್ದನ್ನೂ ಮಾಡಿರುತ್ತಾರೆ.

ಓಡಿಸಿ ನೋಡಲು ಹೋಗುವ ದಿನ, ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ಕೂಡಲೇ ರೇಡಿಯೇಟರ್ ಮುಟ್ಟಿ ನೋಡಿ, ತಣ್ಣಗಿರಬೇಕು. ಕೀ ತಿರುಗಿಸಿದಾಗ ಹಿಂದಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಹೆದರಬೇಡಿ, ಅದು ಪೆಟ್ರೋಲ್ ಪಂಪು. ಸ್ವಲ್ಪ ಹೊತ್ತಿನಲ್ಲಿ ನಿಧಾನವಾಗಬೇಕು. ಚೋಕ್ ಎಳೆದು ಸ್ಟಾರ್ಟ್ ಮಾಡಿ ಸೈಲೆನ್ಸರ್ ಕಡೆ ನೋಡಿ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅರ್ಧ ಗಂಟೆ ಓಡಿಸಿ ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮೀಟರ್ ನೋಡಿ. ಓಡುವಾಗ 50ರ ಮೇಲಿರಬೇಕು, ನಿಂತು ಐಡಲ್‌ನಲ್ಲಿರುವಾಗ 15ರ ಆಸುಪಾಸು ಇದ್ದರೂ ಪರವಾಗಿಲ್ಲ. ಓವರ್‌ಡ್ರೈವ್, ಅಂದರೆ ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗಿಸುವ ಹೆಚ್ಚುವರಿ ಗೇರು, ಇದೆಯಾ ಅಂತ ಕೇಳಿ, ಇದ್ದರೆ ನಾಲ್ಕನೇ ಗೇರಿನಲ್ಲಿ 50 ಮೈಲಿ ವೇಗದಲ್ಲಿ ಸ್ವಿಚ್ ಹಾಕಿ. ಆರ್‌ಪಿಎಂ ತಕ್ಷಣ ಇಳಿಯಬೇಕು. ರೆಡಿಂಗ್‌ನಿಂದ ನೀವು ಎಂ4 ಹೆದ್ದಾರಿ ಹತ್ತಲೇಬೇಕಲ್ಲ. 70 ಮೈಲಿ ವೇಗದಲ್ಲಿ ಓವರ್‌ಡ್ರೈವ್ ಇಲ್ಲದಿದ್ದರೆ ಎಂಜಿನ್ ಸುಮಾರು 3,900ರಲ್ಲಿ ತಿರುಗುತ್ತದೆ, ಇದ್ದರೆ 3,200. ಹಿಂದೆ ಮಕ್ಕಳ ಸೀಟಿಲ್ಲದ ಕಾರಿನಲ್ಲಿ ನೀವಿಬ್ಬರೇ ಹೋಗುವಾಗ ಮಾತಾದರೂ ಕೇಳಿಸಬೇಕು.

ಚೌಕಾಸಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಳಿ ಕಾರಿನ ಸೀಟು ಹರಿದಿದೆ, ಬಣ್ಣ ಮಾಸಿದೆ ಎಂದು ಸ್ವಲ್ಪ ಕಡಿಮೆ ಕೇಳುವುದು ತಪ್ಪಲ್ಲ. ತೀರಾ ಎಳೆದಾಡಬೇಡಿ. ಕೊಟ್ಟ ಮೇಲೂ ಅವರಿಗೆ ಫೋನ್ ಮಾಡಿ ‘ಆ ವೈರ್ ಯಾಕೆ ಹೀಗೆ ಹೋಗಿದೆ’ ಅಂತ ಕೇಳುವ ಸಂಬಂಧ ಉಳಿಯಬೇಕು. ಉಳಿದ ದುಡ್ಡಲ್ಲಿ ಎರಡು ಸಾವಿರ ಪೌಂಡಾದರೂ ಕೈಯಲ್ಲಿಟ್ಟುಕೊಳ್ಳಿ, ಮೊದಲ ವರ್ಷ ಖರ್ಚು ಬಂದೇ ಬರುತ್ತದೆ. ಮನೆಯವರಿಗೆ ಕೆಂಪೇ ಬೇಕೆಂದರೆ, ಗಟ್ಟಿ ಬಾಡಿಗೆ ಮುಂದೊಂದು ದಿನ ಕೆಂಪು ಹೊಡೆಸಬಹುದು.

ಪ್ರಶ್ನೆ: 1973ರ ಎಂಜಿಬಿ ಜಿಟಿ (ಟಾಪ್ ಇರುವ ಎಂಜಿಬಿ) ನೋಡಿದ್ದೇನೆ. ಕಡುಹಸಿರು ಬಣ್ಣ, ತುಂಬಾ ಚೆಂದವಿದೆ. ಆದರೆ ಜೊತೆಗಿರುವ ಹೆರಿಟೇಜ್ ಸರ್ಟಿಫಿಕೇಟ್‌ನಲ್ಲಿ ಬಣ್ಣ ಹಾರ್ವೆಸ್ಟ್ ಗೋಲ್ಡ್ ಎಂದಿದೆ. ಎಂಜಿನ್ ನಂಬರೂ ಹೊಂದುತ್ತಿಲ್ಲ. ಇದು ಮೋಸದ ಗಾಡಿಯಾ?
ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಅಷ್ಟಕ್ಕೇ ಮೋಸ ಅನ್ನಬೇಡಿ, ಮೇಡಂ. ಆ ಸರ್ಟಿಫಿಕೇಟನ್ನು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನವರು ಫ್ಯಾಕ್ಟರಿಯ ಹಳೆ ದಾಖಲೆ ನೋಡಿ ಕೊಡುತ್ತಾರೆ. ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ಎಂಜಿನ್, ಯಾವ ದೇಶಕ್ಕೆ ಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಅದು ಹೇಳುವುದು ಹುಟ್ಟಿದ ದಿನದ ಸಂಗತಿ. ಆಮೇಲಿನ ಐವತ್ತು ವರ್ಷದ್ದು ಬಿಲ್ಲುಗಳಲ್ಲಿ ಸಿಗಬೇಕು.

ಹಾರ್ವೆಸ್ಟ್ ಗೋಲ್ಡ್ ಅಂದರೆ ಸಾಸಿವೆ ಹಳದಿ. ಎಪ್ಪತ್ತರ ದಶಕದಲ್ಲಿ ಇಂಥ ಬಣ್ಣಗಳು ಓಡಿದವು, ಆಮೇಲೆ ಜನಕ್ಕೆ ಬೇಸರ ಬಂತು. ಕೆಂಪು ಇಲ್ಲವೇ ಹಸಿರು ಹೊಡೆಸಿದವರು ಎಷ್ಟೋ ಮಂದಿ. ಎಂಜಿನ್ ಕೂಡ ಹಾಗೇ. ಆ ಕಾಲದಲ್ಲಿ ಎಂಜಿನ್ ಸವೆದರೆ, ಕಂಪನಿಯೇ ರಿಪೇರಿ ಮಾಡಿಟ್ಟ ಗೋಲ್ಡ್ ಸೀಲ್ ಎಂಜಿನ್ ಕೊಟ್ಟು ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ಇತ್ತು. ನಂಬರ್ ಬೇರೆಯಾಗುವುದು ಸಹಜ. ಅದರ ಬಿಲ್ಲು ಇದ್ದರೆ ಕಾರಿನ ಕತೆಗೆ ಒಂದು ಪುಟ ಸೇರಿದಂತೆಯೇ. ನನಗೆ ಮೂಲ ಬಣ್ಣವೇ ಇಷ್ಟ, ಸಾಸಿವೆ ಹಳದಿ ಜಿಟಿ ರಸ್ತೆಯಲ್ಲಿ ಕಂಡರೆ ನಿಂತು ನೋಡುತ್ತೇನೆ. ಆದರೆ ಓಡಿಸಲು ಕೊಳ್ಳುವವರಿಗೆ ಅದು ಮುಖ್ಯವಲ್ಲ. ನೀವು ನೋಡಬೇಕಾದದ್ದು, ಹಸಿರನ್ನು ಪೂರ್ತಿ ಬಿಚ್ಚಿ ಹೊಡೆದಿದ್ದಾರಾ ಅಂತ. ಡಿಕ್ಕಿಯ ಒಳಗೆ, ಡ್ಯಾಶ್‌ಬೋರ್ಡ್ ಕೆಳಗೆ, ಹೀಟರ್ ಹಿಂದೆ ಟಾರ್ಚ್ ಬಿಡಿ. ಅಲ್ಲೆಲ್ಲ ಹಳದಿ ಕಂಡರೆ ಮೇಲಷ್ಟೇ ಹೊಡೆದದ್ದು. ಆ ಮೂಲೆಗಳಲ್ಲಿ ಹಳದಿ ಉಳಿದಿದ್ದರೆ ಸರ್ಟಿಫಿಕೇಟ್ ಇದೇ ಕಾರಿನದ್ದು ಎಂಬುದಕ್ಕೆ ಸಾಕ್ಷಿಯೂ ಆಯಿತು.

ಹೊಂದಲೇಬೇಕಾದದ್ದು ಚಾಸಿ ನಂಬರ್. ಬಾನೆಟ್ ಕೆಳಗಿನ ಪ್ಲೇಟು, ವಿ5ಸಿ ಲಾಗ್‌ಬುಕ್, ಸರ್ಟಿಫಿಕೇಟ್, ಮೂರರಲ್ಲೂ ಒಂದೇ ಇರಬೇಕು. ಒಂದಂಕಿ ಬೇರೆಯಿದ್ದರೂ ಡಿವಿಎಲ್‌ಎ (ವಾಹನ ನೋಂದಣಿ ಇಲಾಖೆ) ಕಡೆಯಿಂದ ಸರಿಪಡಿಸಿಕೊಂಡು ಬರುವ ತನಕ ದುಡ್ಡು ಕೊಡಬೇಡಿ. ನಿಮ್ಮದು ಜಿಎಚ್‌ಡಿ5 ಎಂದು ಶುರುವಾಗಬೇಕು. ಡಿ ಅಂದರೆ ಜಿಟಿ, ಎನ್ ಅಂದರೆ ರೋಡ್‌ಸ್ಟರ್. 5ರ ಪಕ್ಕದಲ್ಲಿ ಯು ಇದ್ದರೆ ಅಮೆರಿಕಕ್ಕೆಂದು ಮಾಡಿದ ಕಾರು. ಅಲ್ಲಿಂದ ವಾಪಸ್ ತಂದು ಸ್ಟೀರಿಂಗನ್ನು ಬಲಕ್ಕೆ ಬದಲಾಯಿಸಿರುತ್ತಾರೆ. ಒಣ ಹವೆಯ ರಾಜ್ಯದಿಂದ ಬಂದದ್ದಾದರೆ ತುಕ್ಕು ಕಡಿಮೆ, ಆ ಲೆಕ್ಕದಲ್ಲಿ ಒಳ್ಳೆಯದೇ. ಇಂಗ್ಲೆಂಡಿನ ಮೂಲ ಕಾರಿನ ಬೆಲೆ ಮಾತ್ರ ಕೊಡಬೇಡಿ. ವಿ5ಸಿ ಮಾಲೀಕತ್ವದ ಪತ್ರವಲ್ಲ, ಅದರ ಮೇಲೆಯೇ ಹಾಗೆಂದು ಅಚ್ಚಾಗಿದೆ. ಅದಕ್ಕೇ ಮಾರುವವರ ಮನೆಗೇ ಹೋಗಿ, ವಿಳಾಸ ತಾಳೆ ನೋಡಿ, ಸಹಿ ಹಾಕಿದ ರಸೀದಿ ಪಡೆಯಿರಿ. ಪಾರ್ಕಿಂಗ್ ಜಾಗದಲ್ಲಿ ಭೇಟಿಯಾಗೋಣ ಎಂದರೆ ಬೇಡ ಅನ್ನಿ.

ಪ್ರಶ್ನೆ: ಎಂಜಿಬಿ ಎಲ್ಲರ ಹತ್ತಿರವೂ ಇದೆ. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇನ್ನೊಂದು ಹಳೆ ಸ್ಪೋರ್ಟ್ಸ್ ಕಾರು ಕಡಿಮೆ ಬೆಲೆಗೆ ಸಿಗುತ್ತಿದೆ. ನಾನೇ ರಿಪೇರಿ ಕಲಿಯಬೇಕು ಅಂತಿದ್ದೇನೆ. ತಗೊಳ್ಳಬಹುದಾ?
ವಿದ್ಯಾರ್ಥಿ, ಬರ್ಮಿಂಗ್‌ಹ್ಯಾಮ್

ಉತ್ತರ: ಖಂಡಿತ ತಗೊಳ್ಳಪ್ಪ. ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಗಾಡಿ ಇಲ್ಲ. ನಮ್ಮ ಕವೆಂಟ್ರಿಯ ಕ್ಯಾನ್ಲಿಯಲ್ಲೇ ತಯಾರಾದದ್ದು, ಅದೂ 1962ರಿಂದ 1980ರವರೆಗೆ. ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಮುಂದಿನ ಚಕ್ರದ ಮೇಲೆ ಕೂತುಕೊಂಡೇ ಎಂಜಿನ್ ಕೆಲಸ ಮಾಡಬಹುದು. ಇದಕ್ಕೆ ಬೇರೆ ಚಾಸಿ ಇದೆ, ಆದರೂ ಸಿಲ್ ಗಟ್ಟಿ ಇರಲೇಬೇಕು.

ಒಂದು ಪರೀಕ್ಷೆ ಮರೆಯಬೇಡ. ಎಂಜಿನ್ ಬಂದ್ ಮಾಡಿಸಿ, ಗೆಳೆಯನಿಗೆ ಕ್ಲಚ್ ಒತ್ತಿ ಬಿಡಲು ಹೇಳಿ, ನೀನು ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡುತ್ತಿರು. ಅದು ಹಿಂದೆ ಮುಂದೆ ಸರಿದದ್ದು ಕಣ್ಣಿಗೆ ಕಂಡರೆ ಕ್ರ್ಯಾಂಕ್ ಹಾಗೆ ಸರಿಯದಂತೆ ತಡೆಯುವ ಒಳಗಿನ ಥ್ರಸ್ಟ್ ವಾಷರ್ ಸವೆದಿದೆ. ವಾಷರ್ ಅಗ್ಗ, ಆದರೆ ಅದು ಕಳಚಿ ಬಿದ್ದಿದ್ದರೆ ಕ್ರ್ಯಾಂಕ್ ಮತ್ತು ಬ್ಲಾಕ್ ಎರಡೂ ಹಾಳು. ಮೊದಲ ಮೂರು ಮಾರ್ಕ್‌ಗಳಲ್ಲಿ, ಅಂದರೆ ಮಾದರಿಗಳಲ್ಲಿ, ಹಿಂದಿನ ಸಸ್ಪೆನ್ಷನ್ ಹಳೆ ಥರದ್ದು, ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎಗರುತ್ತದೆ. 1970ರಲ್ಲಿ ಬಂದ ಮಾರ್ಕ್ ನಾಲ್ಕರಲ್ಲಿ ಅದನ್ನು ಸರಿಮಾಡಿದರು. ಮೊದಲ ಕಾರಿಗೆ ಅದೇ ಇರಲಿ.

ಪ್ರಶ್ನೆ: ಹಳೆ ಕಾರಿಗೆ ಟ್ಯಾಕ್ಸ್ ಇಲ್ಲ, ಎಂಒಟಿ ಇಲ್ಲ, ಲಂಡನ್ನಿನ ಯೂಲೆಜ್ (ಹೊಗೆ ಮಾಲಿನ್ಯದ) ಶುಲ್ಕವೂ ಇಲ್ಲ ಅನ್ನುತ್ತಾರೆ. ನಿಜವಾ?
ಓದುಗರು, ಸ್ಲೌ

ಉತ್ತರ: ನಿಜ, ಆದರೆ ಯಾವುದೂ ತಾನಾಗಿ ಆಗುವುದಿಲ್ಲ. ತಯಾರಾಗಿ 40 ವರ್ಷ ದಾಟಿದ ಕಾರನ್ನು ಲಾಗ್‌ಬುಕ್‌ನಲ್ಲಿ ಹಿಸ್ಟಾರಿಕ್ ವರ್ಗಕ್ಕೆ ಬದಲಾಯಿಸಿಕೊಳ್ಳಬೇಕು. ಹಿಂದಿನವರು ಮಾಡಿಸಿದ್ದಾರಾ ಅಂತ ಮೊದಲೇ ನೋಡಿ. ಮಾಡಿಸಿದ್ದರೂ ಕಾರು ನಿಮ್ಮ ಹೆಸರಿಗೆ ಬಂದಾಗ ಸೊನ್ನೆ ಪೌಂಡಿನ ಟ್ಯಾಕ್ಸನ್ನು ನೀವು ಹೊಸದಾಗಿ ಹಾಕಲೇಬೇಕು. ಯೂಲೆಜ್ ವಿನಾಯಿತಿ ಸಿಗುವುದೂ ಆ ವರ್ಗದ ಮೇಲೆಯೇ. ಎಂಒಟಿ ವಿನಾಯಿತಿ ಕಾರನ್ನು ದೊಡ್ಡದಾಗಿ ಮಾರ್ಪಡಿಸದಿದ್ದರೆ ಮಾತ್ರ. ವಿನಾಯಿತಿ ಇದ್ದರೂ ವರ್ಷಕ್ಕೊಮ್ಮೆ ಮಾಡಿಸಿ ಎಂಬುದು ನನ್ನ ಗಟ್ಟಿ ಮಾತು. ನಿಮ್ಮ ಬ್ರೇಕನ್ನು ಬೇರೆ ಯಾರಾದರೂ ಒಬ್ಬರು ನೋಡಬೇಕು.

ಇನ್ಶೂರೆನ್ಸ್ ಮಾಡಿಸುವಾಗ ಒಪ್ಪಿದ ಮೌಲ್ಯದ ಪಾಲಿಸಿ ಕೇಳಿ. ಫೋಟೋ, ಬಿಲ್ಲು ಕೊಟ್ಟು ಕಾರಿನ ಬೆಲೆಯನ್ನು ಮೊದಲೇ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಅಪಘಾತದ ದಿನ ಅವರು ಹೇಳಿದ್ದೇ ಬೆಲೆ.

ಪ್ರಶ್ನೆ: ನನ್ನ ಹೊಸ (ಹಳೆ!) ಎಂಜಿಬಿಗೆ ಯಾವ ಪೆಟ್ರೋಲ್ ಹಾಕಲಿ?
ಓದುಗರು, ಲೆಸ್ಟರ್

ಉತ್ತರ: 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10, ಹತ್ತು ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಅದು ಹಳೆ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ನೀವು ಸೂಪರ್ ದರ್ಜೆಯ ಇ5 ಹಾಕಿ. ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದ ಲೆಡ್ ಇರುವ ಪೆಟ್ರೋಲ್ ಬಂಕುಗಳಲ್ಲಿ ನಿಂತು ಕಾಲವಾಯಿತು, ಹಾಗಾಗಿ ಸಿಲಿಂಡರ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ ಬಿಲ್ಲು ನಿಮ್ಮ ಫೈಲಿನಲ್ಲಿ ಇದೆಯಾ ಹುಡುಕಿ. ಇಲ್ಲದಿದ್ದರೆ ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ಲೆಡ್ ಬದಲಿಗೆ ಹಾಕುವ ಅಡಿಟಿವ್ ಬೆರೆಸಿ. ಮುಂದೆ ಹೆಡ್ ಬಿಚ್ಚುವ ಕೆಲಸ ಬಂದಾಗ ಗಟ್ಟಿ ಸೀಟ್ ಹಾಕಿಸಿ, ಆ ಬಿಲ್ಲನ್ನೂ ಫೈಲಿಗೆ ಸೇರಿಸಿ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪುಗಳನ್ನು ಮಾತ್ರ ಈ ವಾರವೇ ಬದಲಾಯಿಸಿ. ಎಥನಾಲ್ ತಡೆಯುವ ಪೈಪು ಎಂದು ಕೇಳಿ ತನ್ನಿ, ಹೆಚ್ಚು ಖರ್ಚಿಲ್ಲ.